ಪೀಪಾಯಿಯಿಂದ ಪೀಠೋಪಕರಣಕ್ಕೆ

‘ಪೀಪಾಯಿ’ ಎಂಬ ಶಬ್ದವನ್ನು ನಾವು ಊರಿನಿಂದ ತಂದೆವು. ‘ಪಿಂಪ’ ಎಂಬುದನ್ನು ಪುಣೆಗೆ ಬಂದ ಮೇಲೆ ನೆರೆಹೊರೆಯ ಮರಾಠಿ ಮನೆಗಳಿಂದ ಕಲಿತೆವು. ಕೇಳಲು ಬೇರೆಬೇರೆಯಾದರೂ ಇವೆರಡೂ ಒಂದೇ ತಾಯಿಯ ಮಕ್ಕಳು. ಪೋರ್ತುಗೀಜರ ‘ಪಿಪಾ’ ಎಂಬ ಶಬ್ದ ಹಡಗಿನಿಂದ ಗೋವೆಯ ದಡಕ್ಕಿಳಿದು, ಘಟ್ಟ ಹತ್ತಿ, ಒಂದು ಕಡೆ ಪೀಪಾಯಿಯಾಯಿತು, ಇನ್ನೊಂದು ಕಡೆ ಪಿಂಪವಾಯಿತು. ಚಾವಿ, ಬಾಲ್ದಿ, ಪಗಾರ, ಅಲಮಾರು ಮುಂತಾದವು ಕೂಡ ಇದೇ ದಾರಿಯಲ್ಲಿ ಬಂದ ಅತಿಥಿಗಳೇ. (ನಮ್ಮ ಪಕ್ಕದ ಪಿಂಪರಿಗೂ ಈ ಪಿಂಪಕ್ಕೂ ಯಾವ ನಂಟೂ ಇಲ್ಲ, ಅದು ಅರಳಿಯ ಬಳಗದ ಒಂದು ಮರದಿಂದ ಬಂದ ಹೆಸರೆಂದು ಹೇಳುವುದುಂಟು.)

ಶಬ್ದ ಹೊರಗಿನಿಂದ ಬಂದಿತೆಂದರೆ ವಸ್ತುವೂ ಹೊರಗಿನಿಂದ ಬಂದಿರಬೇಕು. ನಮ್ಮವರು ನೀರನ್ನು ಮಣ್ಣಿನ ಹರವಿಯಲ್ಲಿ, ಎಣ್ಣೆಯನ್ನು ತೊಗಲಿನ ಬುದ್ದಲಿಯಲ್ಲಿ, ಸೇಂದಿಯನ್ನು ಗಡಿಗೆಯಲ್ಲಿ, ಕಾಳನ್ನು ಹಗೇವು ಕಣಜಗಳಲ್ಲಿ ಇಟ್ಟವರು. ಹಲಗೆಗಳನ್ನು ಜೋಡಿಸಿ, ಅಂಟಿಲ್ಲದೆ, ಮೊಳೆಯಿಲ್ಲದೆ ದ್ರವವನ್ನು ಹಿಡಿದಿಡುವ ಪಾತ್ರೆ ನಮ್ಮಲ್ಲಿ ಬಳಕೆಯಲ್ಲಿರಲಿಲ್ಲ. ಆ ಪಾತ್ರೆ ನಮ್ಮ ನಾಡಿಗೆ ಹೇಗೆ ಬಂತು, ಹೇಗೆ ಮರೆಯಾಯಿತು, ಮರೆಯಾದ ಮೇಲೆ ಉಳಿದ ಅದರ ಮರ ಮತ್ತು ಅದರಂಥ ಇತರ ಹಳೆಯ ಮರಗಳು ನಿಗಡಿಯಂಥ ಊರಿನ ಮನೆಗೆ ಹೇಗೆ ಕೆಲಸಕ್ಕೆ ಬರುತ್ತವೆ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ನೋಡೋಣ. ಈ ಕಥೆಯ ಉದ್ದಕ್ಕೂ ಒಂದು ಸಣ್ಣ ಪ್ರಶ್ನೆ ಇದೆ: ಮರ ಒಣಗಿದೆಯೇ, ಇಲ್ಲವೇ?

ಒದ್ದೆಯಾಗಿದ್ದರೆ ಮಾತ್ರ ಗಟ್ಟಿ

ಮರದ ಪೀಪಾಯಿಯ ಕೀರ್ತಿ ಯುರೋಪಿನ ಗಾಲ್ ಜನರಿಗೆ ಸಲ್ಲುತ್ತದೆ. ಆಲ್ಪ್ಸ್ ಪರ್ವತದ ಸುತ್ತಿನ ಜನ ದ್ರಾಕ್ಷಾರಸವನ್ನು ಬಳೆ ತೊಡಿಸಿದ ಮರದ ಪಾತ್ರೆಗಳಲ್ಲಿ ಇಡುತ್ತಾರೆಂದು ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಅಲ್ಲಿಂದ ಮುಂದೆ ಸುಮಾರು ಎರಡು ಸಾವಿರ ವರ್ಷ ಆ ಪಾತ್ರೆಯ ರೂಪ ಹೆಚ್ಚು ಬದಲಾಗಲಿಲ್ಲ. ನಡುವೆ ಉಬ್ಬಿ ಎರಡು ತುದಿಗಳಲ್ಲಿ ಕಿರಿದಾದ ಆ ಆಕಾರಕ್ಕೆ ಕಾರಣವಿದೆ. ತುಂಬಿದ ಪೀಪಾಯಿ ಎಷ್ಟೇ ಭಾರವಾಗಿದ್ದರೂ ಹೊಟ್ಟೆಯ ಮೇಲೆ ಉರುಳಿಸಿದರೆ ಒಬ್ಬನೇ ಆಳು ಅದನ್ನು ಬೇಕಾದತ್ತ ತಿರುಗಿಸಬಲ್ಲ.

ಇದಕ್ಕೆ ಶ್ರೇಷ್ಠವಾದ ಮರ ಬಿಳಿ ಓಕ್. ಆ ಮರದ ಚೇಗಿನಲ್ಲಿ ನೀರು ಹರಿಯುವ ಕೊಳವೆಗಳು ತಾವಾಗಿಯೇ ಪೊರೆಯಿಂದ ಮುಚ್ಚಿಕೊಂಡಿರುತ್ತವೆ. ಕೆಂಪು ಓಕಿನಲ್ಲಿ ಹಾಗಿಲ್ಲದ್ದರಿಂದ ಅದರಿಂದ ಮಾಡಿದ ಪೀಪಾಯಿ ಸೋರುತ್ತದೆ. ದಿಮ್ಮಿಯನ್ನು ತಿರುಳಿನಿಂದ ತೊಗಟೆಯ ಕಡೆಗೆ ಬರುವಂತೆ ಸೀಳಿ, ಪಟ್ಟಿಗಳನ್ನು ಬಯಲಿನಲ್ಲಿ ಒಟ್ಟಿ, ಉತ್ತಮ ದ್ರಾಕ್ಷಾರಸದ ಪೀಪಾಯಿಗಾದರೆ ಎರಡು ಮೂರು ವರ್ಷ ಮಳೆ ಗಾಳಿಗಳಿಗೆ ಒಡ್ಡುತ್ತಾರೆ. ಆಮೇಲೆ ಬೆಂಕಿಯ ಕಾವಿನಲ್ಲಿ ಬಾಗಿಸಿ ಬಳೆ ತೊಡಿಸುತ್ತಾರೆ. ಕೊನೆಯಲ್ಲಿ ದ್ರವ ತುಂಬಿದಾಗ ಪಟ್ಟಿಗಳು ಉಬ್ಬಿ ಒಂದನ್ನೊಂದು ಒತ್ತಿಕೊಂಡು ಸಂದುಗಳು ಮುಚ್ಚುತ್ತವೆ.

ಹೀಗೆ ಪೀಪಾಯಿಯ ಗಟ್ಟಿತನ ಅದರ ತೇವದಲ್ಲಿದೆ. ಒಣಗಿದ ಪೀಪಾಯಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಇದರ ಲೆಕ್ಕವನ್ನು ಯಾರೂ ಮಾಡಬಹುದು. ಬಿಳಿ ಓಕ್ ಪೂರ್ತಿ ನೆನೆದ ಸ್ಥಿತಿಯಿಂದ ನೂರಕ್ಕೆ ಎಂಟರಷ್ಟು ತೇವಕ್ಕೆ ಇಳಿದರೆ ಪಟ್ಟಿಯ ಅಗಲ ನೂರಕ್ಕೆ ಸುಮಾರು ನಾಲ್ಕರಷ್ಟು ಕುಗ್ಗುತ್ತದೆ. ಏಳು ಸೆಂಟಿಮೀಟರ್ ಅಗಲದ ಮೂವತ್ತು ಪಟ್ಟಿಗಳಿರುವ ಪೀಪಾಯಿಯ ಸುತ್ತಳತೆ ೨೧೦ ಸೆಂಟಿಮೀಟರ್. ಅದರಲ್ಲಿ ಎಂಟು ಸೆಂಟಿಮೀಟರಿಗೂ ಮಿಕ್ಕಿ ಮಾಯವಾಗುತ್ತದೆ. ಕಬ್ಬಿಣದ ಬಳೆ ಕುಗ್ಗುವುದಿಲ್ಲ. ಆದ್ದರಿಂದ ಕಳಚಿ ಬೀಳುತ್ತದೆ.

ಇದು ನಮ್ಮ ರೈತರಿಗೆ ಹೊಸ ಸಂಗತಿಯಲ್ಲ. ಪೀಪಾಯಿ ನಮ್ಮದಲ್ಲದಿದ್ದರೂ ಅದರ ಸೋದರನೊಬ್ಬ ನಮ್ಮ ಹಳ್ಳಿಗಳಲ್ಲಿ ಉರುಳಾಡುತ್ತಿದ್ದ. ಅವನೇ ಚಕ್ಕಡಿಯ ಗಾಲಿ. ಅದೂ ಮರದ ತುಂಡುಗಳನ್ನು ಸುತ್ತ ಜೋಡಿಸಿ ಮೇಲೆ ಕಬ್ಬಿಣದ ಹಳಿ ತೊಡಿಸಿದ್ದೇ. ಕಮ್ಮಾರ ಹಳಿಯನ್ನು ಕೆಂಪಗೆ ಕಾಯಿಸಿ ಗಾಲಿಗೆ ತೊಡಿಸಿ ನೀರು ಹೊಯ್ದಾಗ ಅದು ಬಿಗಿಯುತ್ತಿತ್ತು. ಬೇಸಗೆಯಲ್ಲಿ ಮರ ಕುಗ್ಗಿ ಹಳಿ ಸಡಿಲಾದರೆ ಗಾಲಿಯನ್ನು ಕೆರೆಯಲ್ಲೋ ಹಳ್ಳದ ಮಡುವಿನಲ್ಲೋ ನೆನೆಹಾಕುತ್ತಿದ್ದರು. ಮರ ಉಬ್ಬಿ ಹಳಿ ಮತ್ತೆ ಕಚ್ಚಿಕೊಳ್ಳುತ್ತಿತ್ತು. ಬಿಜಾಪುರ ಧಾರವಾಡಗಳ ಕಡೆಯಿಂದ ಬಂದ ಹಿರಿಯರು ಇದನ್ನು ಕಣ್ಣಾರೆ ಕಂಡವರು.

ದಂಡಿನ ಜೊತೆಗೆ ಬಂದದ್ದು

ಒಳನಾಡಿಗೆ ಪೀಪಾಯಿಗಳನ್ನು ಹೇರಳವಾಗಿ ತಂದದ್ದು ಬ್ರಿಟಿಷರ ದಂಡು. ಸಾರಾಯಿ, ರಮ್ಮು, ಉಪ್ಪು ಹಾಕಿದ ಮಾಂಸ, ಮದ್ದಿನ ಪುಡಿ, ಮೊಳೆ ಎಲ್ಲವೂ ಪೀಪಾಯಿಗಳಲ್ಲಿ ಸಾಗುತ್ತಿದ್ದವು. ಮದ್ದಿನ ಪೀಪಾಯಿಗಳಿಗೆ ಕಿಡಿ ಹಾರಬಾರದೆಂದು ಕಬ್ಬಿಣ ಬಿಟ್ಟು ತಾಮ್ರದ ಇಲ್ಲವೇ ಮರದ ಬಳೆಗಳನ್ನು ತೊಡಿಸುತ್ತಿದ್ದರು. ಪುಣೆ ಮತ್ತು ಖಡಕಿಗಳಲ್ಲಿ ದಂಡು ನೆಲೆಯಾದ ಮೇಲೆ ಈ ವ್ಯಾಪಾರ ಇಲ್ಲೂ ಬೆಳೆಯಿತು.

ಕರ್ನಾಟಕದಲ್ಲಿ ಇದರ ಮುಖ್ಯ ಕೇಂದ್ರ ಬೆಂಗಳೂರು. ದಕ್ಷಿಣದ ಹಲವು ಸಣ್ಣ ಬಿಯರ್ ಕಾರ್ಖಾನೆಗಳನ್ನು ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ೧೯೧೫ರಲ್ಲಿ ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಎಂಬ ಕಂಪನಿ ಮಾಡಿದ. ಆ ಕಂಪನಿಯ ಬಿಯರ್ ದೊಡ್ಡ ಮರದ ಪೀಪಾಯಿಗಳಲ್ಲಿ ಎತ್ತಿನ ಗಾಡಿಗಳ ಮೇಲೆ ಸೈನ್ಯದ ಪಾಳೆಯಗಳಿಗೆ ಹೋಗುತ್ತಿತ್ತು. ಗಾಡಿಯ ಗಾಲಿಗೆ ಕಬ್ಬಿಣದ ಹಳಿ, ಗಾಡಿಯ ಮೇಲಿನ ಪೀಪಾಯಿಗೆ ಕಬ್ಬಿಣದ ಬಳೆ. ಪೂರ್ವ ಪಶ್ಚಿಮಗಳ ಎರಡು ಮರಗೆಲಸಗಳು ಒಂದೇ ದಾರಿಯಲ್ಲಿ ಸಾಗಿದ ದೃಶ್ಯ ಅದು. ೧೯೪೭ರಲ್ಲಿ ವಿಠ್ಠಲ ಮಲ್ಯ ಆ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು.

ಆ ಹೊತ್ತಿಗೆ ಮರದ ಪೀಪಾಯಿಯ ಕಾಲ ಮುಗಿಯುತ್ತ ಬಂದಿತ್ತು. ಅಮೆರಿಕದಲ್ಲಿ ೧೯೦೫ರಲ್ಲಿ ಪೇಟೆಂಟ್ ಪಡೆದ ಉಕ್ಕಿನ ಡ್ರಮ್ಮು ಎರಡನೆಯ ಮಹಾಯುದ್ಧದಲ್ಲಿ ಜಗತ್ತನ್ನೆಲ್ಲ ಸುತ್ತಿತು. ಸುಮಾರು ಇನ್ನೂರು ಲೀಟರಿನ ಆ ಡ್ರಮ್ಮು ಪೀಪಾಯಿಯ ಕೆಲಸವನ್ನು ಕಸಿದುಕೊಂಡಿತು. ಅದರ ಹಿಂದೆ ಪ್ಲಾಸ್ಟಿಕ್ ಬಂತು. ಪಿಂಪ ಎಂಬ ಹೆಸರು ಮಾತ್ರ ಉಳಿಯಿತು, ಮರ ಉಳಿಯಲಿಲ್ಲ.

ಮದ್ಯವನ್ನು ಹದಗೊಳಿಸುವ ಕೆಲಸವೊಂದೇ ಮರದ ಕೈಬಿಡಲಿಲ್ಲ. ಬೆಂಗಳೂರಿನಲ್ಲಿ ೧೯೪೮ರಲ್ಲಿ ಜಗದಾಳೆ ಮನೆತನದವರು ಸ್ಥಾಪಿಸಿದ ಅಮೃತ್ ಡಿಸ್ಟಿಲರೀಸ್ ೨೦೦೪ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ತನ್ನ ವಿಸ್ಕಿಯನ್ನು ಬಿಡುಗಡೆ ಮಾಡಿ ಹೆಸರಾಯಿತು. ಇಂಥ ಕಾರ್ಖಾನೆಗಳು ಬಳಸುವ ಓಕ್ ಪೀಪಾಯಿಗಳಲ್ಲಿ ಬಹಳಷ್ಟು ಅಮೆರಿಕದಿಂದ ಬರುತ್ತವೆ. ಅಲ್ಲಿಯ ಬೂರ್ಬನ್ ವಿಸ್ಕಿಯನ್ನು ಒಳಗೆ ಸುಟ್ಟ ಹೊಸ ಓಕ್ ಪಾತ್ರೆಯಲ್ಲಿಯೇ ಇಡಬೇಕೆಂಬ ಕಾನೂನು ೧೯೩೦ರ ದಶಕದಿಂದ ಇರುವುದರಿಂದ, ಒಮ್ಮೆ ಬಳಸಿದ ಪೀಪಾಯಿ ಆ ಕೆಲಸಕ್ಕೆ ಮತ್ತೆ ಬಾರದೆ ಬೇರೆ ದೇಶಗಳಿಗೆ ಮಾರಾಟವಾಗುತ್ತದೆ. ಸ್ಕಾಟ್ಲೆಂಡಿನ ತಂಪಿನಲ್ಲಿ ವರ್ಷಕ್ಕೆ ನೂರಕ್ಕೆ ಎರಡರಷ್ಟು ಮದ್ಯ ಮರದ ಮೂಲಕ ಆವಿಯಾದರೆ, ಬೆಂಗಳೂರಿನಲ್ಲಿ ಅದು ಹತ್ತನ್ನು ಮುಟ್ಟುತ್ತದೆ, ಕೆಲವೊಮ್ಮೆ ಮೀರುತ್ತದೆ. ದಖ್ಖನ್ನಿನ ಗಾಳಿ ಮರದಿಂದ ತೇವ ಹೀರುವುದರಲ್ಲಿ ಎಷ್ಟು ಚುರುಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಲವು ಸಲ ತುಂಬಿ ಬರಿದಾಗಿ ಸತ್ವ ಕಳೆದುಕೊಂಡ ಪೀಪಾಯಿಗಳು ಕೊನೆಗೆ ಬಿಚ್ಚಿದ ಪಟ್ಟಿಗಳಾಗಿ ಮರಗೆಲಸದವರ ಕೈಸೇರುತ್ತವೆ. ಹೂಕುಂಡ, ಮಣೆ, ಗೋಡೆಯ ಗೂಡು, ಕುರ್ಚಿಯ ಬೆನ್ನು ಮುಂತಾಗಿ ಅವಕ್ಕೆ ಎರಡನೆಯ ಬಾಳು ಸಿಗುತ್ತದೆ.

ಕೆನರಾದ ತೇಗ, ಪುಣೆಯ ವಾಡೆ

ಓಕ್ ಯುರೋಪಿನದಾದರೆ ತೇಗ ನಮ್ಮದು. ಹಳೆಯ ಮರದ ಮಾತು ಬಂದಾಗ ಪುಣೆಯವರ ಕಣ್ಣ ಮುಂದೆ ಮೊದಲು ನಿಲ್ಲುವುದು ವಾಡೆಗಳ ತೇಗದ ಕಂಬ ತೊಲೆಗಳೇ. ೧೭೩೦ರಲ್ಲಿ ಒಂದನೆಯ ಬಾಜೀರಾಯರು ಶನಿವಾರವಾಡೆಗೆ ಅಡಿಗಲ್ಲಿಟ್ಟಾಗ ತೇಗ ಜುನ್ನರಿನ ಕಾಡುಗಳಿಂದಲೂ, ಕಲ್ಲು ನಮ್ಮ ನೆರೆಯ ಚಿಂಚವಡದ ಕಣಿಗಳಿಂದಲೂ, ಸುಣ್ಣ ಜೇಜುರಿಯಿಂದಲೂ ಬಂತೆಂದು ಇತಿಹಾಸ ಹೇಳುತ್ತದೆ. ೧೮೨೮ರ ಬೆಂಕಿಯಲ್ಲಿ ಆ ಮರವೆಲ್ಲ ಬೂದಿಯಾಯಿತು. ಚಿಂಚವಡದ ಕಲ್ಲು ಉಳಿಯಿತು.

ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದ ತೇಗದ ದೊಡ್ಡ ಕಣಜಗಳಲ್ಲಿ ನಮ್ಮ ಕೆನರಾ ಒಂದು. ಇಂದಿನ ಉತ್ತರ ಕನ್ನಡ ಜಿಲ್ಲೆಯನ್ನು ೧೮೬೨ರಲ್ಲಿ ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅದಕ್ಕೂ ಮೊದಲೇ ಪಶ್ಚಿಮ ಕರಾವಳಿಯ ತೇಗ ಮುಂಬಯಿಯ ಹಡಗುಕಟ್ಟೆಗೆ ಹೋಗುತ್ತಿತ್ತು. ಅಲ್ಲಿ ವಾಡಿಯಾ ಮನೆತನದ ಪಾರಸಿ ಕುಶಲಿಗರು ಕಟ್ಟಿ ೧೮೧೭ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ಇಂದಿಗೂ ತೇಲುತ್ತಿದೆ. ಇನ್ನೂರು ವರ್ಷ ದಾಟಿದ ನಮ್ಮ ಘಟ್ಟಗಳ ತೇಗ ಅದರ ಒಡಲಲ್ಲಿದೆ.

ಆ ತೇಗವನ್ನು ಒಣಗಿಸುತ್ತಿದ್ದ ರೀತಿಯೇ ವಿಚಿತ್ರ. ಹಸಿ ತೇಗ ನೀರಿನಲ್ಲಿ ಸರಿಯಾಗಿ ತೇಲುವುದಿಲ್ಲ. ಕಾಡಿನಿಂದ ಸಾಗಿಸಲು ಹೊಳೆಯಲ್ಲದೆ ಬೇರೆ ದಾರಿಯೂ ಇರಲಿಲ್ಲ. ಆದ್ದರಿಂದ ಬರ್ಮಾ ಮಲಬಾರುಗಳಲ್ಲಿ ನಿಂತ ಮರದ ಬುಡದ ಸುತ್ತ ತೊಗಟೆಯನ್ನೂ ಬಿಳುಪನ್ನೂ ಉಂಗುರದಂತೆ ಕಡಿದು ಎರಡು ಮೂರು ವರ್ಷ ಹಾಗೆಯೇ ಬಿಡುತ್ತಿದ್ದರು. ಮರ ನಿಂತಲ್ಲಿಯೇ ಸತ್ತು, ನಿಂತಲ್ಲಿಯೇ ಒಣಗಿ, ಹಗುರಾದ ಮೇಲೆ ಕಡಿದು ತೇಲಿಬಿಡುತ್ತಿದ್ದರು. ನಮ್ಮ ಕರಾವಳಿಯಲ್ಲಿ ಇದಕ್ಕೆ ವಿರುದ್ಧವಾಗಿ ಕಾಣುವ ಇನ್ನೊಂದು ಪದ್ಧತಿ ಇತ್ತು: ದಿಮ್ಮಿಗಳನ್ನು ತಿಂಗಳುಗಟ್ಟಲೆ ಕೆರೆಯಲ್ಲಿ ಮುಳುಗಿಸಿಟ್ಟು ಆಮೇಲೆ ನೆರಳಿನಲ್ಲಿ ಆರಿಸುವುದು. ಒಣಗಿಸಲು ನೀರಿಗೆ ಹಾಕುವುದೆಂದರೆ ನಗು ಬರಬಹುದು. ಆದರೆ ಮರದೊಳಗಿನ ಸಿಹಿರಸ ನೀರಿನಲ್ಲಿ ಕರಗಿಹೋದರೆ ಕುಟ್ಟೆ ಹುಳಕ್ಕೆ ಆಹಾರವಿಲ್ಲದಂತಾಗುತ್ತದೆ. ಹಿರಿಯರ ಅನುಭವಕ್ಕೆ ಕಾರಣವಿತ್ತು.

೧೯೬೧ರ ಜುಲೈ ೧೨ರಂದು ಪಾನಶೇತ ಅಣೆಕಟ್ಟು ಒಡೆದು ಪುಣೆಯ ಪೇಟೆಗಳು ಮುಳುಗಿದವು. ಸಾವಿರಾರು ಮನೆಗಳು ನೆಲಕ್ಕುರುಳಿದವು. ಉಳಿದ ವಾಡೆಗಳಲ್ಲಿ ಬಹುಪಾಲು ಮುಂದಿನ ದಶಕಗಳಲ್ಲಿ ಮಹಡಿ ಮನೆಗಳಿಗೆ ಜಾಗ ಬಿಟ್ಟುಕೊಟ್ಟವು. ಹೀಗೆ ಕೆಡವಿದ ಮನೆಗಳ ಕಂಬ, ತೊಲೆ, ಜಂತೆ, ಬಾಗಿಲುವಾಡಗಳು ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ಟಿನಲ್ಲಿಯೂ ಹಳೆಯ ಸಾಮಾನಿನ ಅಂಗಡಿಗಳಲ್ಲಿಯೂ ಕಾಣಿಸಿಕೊಂಡವು. ತೊಲೆಯ ಮೈ ಕರಿದಾಗಿ, ಮಣ್ಣು ಮೆತ್ತಿ, ನೋಡಲು ಉರುವಲಿನಂತಿರುತ್ತದೆ. ಒಂದೆಳೆ ರಂದಾ ಹೊಡೆದರೆ ಒಳಗೆ ಹೊನ್ನಿನ ಬಣ್ಣ ಹೊಳೆಯುತ್ತದೆ.

ನಿಗಡಿಗೆ ಬಂದ ಖೋಕಾ

ನಿಗಡಿಯಲ್ಲಿ ವಾಡೆಗಳು ಕಡಿಮೆ, ಓಕ್ ಪೀಪಾಯಿಗಳಂತೂ ಅಪರೂಪ. ಇಲ್ಲಿಯ ಹಳೆಯ ಮರವೆಂದರೆ ಪ್ಯಾಕಿಂಗ್ ಪೆಟ್ಟಿಗೆಯ ಮರ. ಜನರ ಬಾಯಲ್ಲಿ ‘ಖೋಕಾ’. ಇದರ ಹಿಂದೆ ಈ ಪರಿಸರದ ಚರಿತ್ರೆಯೇ ಇದೆ. ೧೯೫೪ರಲ್ಲಿ ಪಿಂಪರಿಯಲ್ಲಿ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. ೧೯೬೦ರ ದಶಕದಲ್ಲಿ ಆಕುರ್ಡಿಯಲ್ಲಿ ಬಜಾಜ್ ಆಟೋ, ಪಿಂಪರಿ ಚಿಂಚವಡಗಳಲ್ಲಿ ಟೆಲ್ಕೋ ತಲೆಯೆತ್ತಿದವು. ೧೯೬೨ರಲ್ಲಿ ರಚನೆಯಾದ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಲ ಸುತ್ತಲ ಭೂಮಿಯನ್ನು ಕಾರ್ಖಾನೆಗಳಿಗೆ ಹಂಚಿತು. ಕೆಲಸಗಾರರ ವಸತಿಗೆಂದು ೧೯೭೨ರಲ್ಲಿ ಪಿಂಪರಿ ಚಿಂಚವಡ ನವನಗರ ವಿಕಾಸ ಪ್ರಾಧಿಕರಣ ಹುಟ್ಟಿ, ನಿಗಡಿಯ ಸುತ್ತ ಸಂಖ್ಯೆ ಹೊತ್ತ ಸೆಕ್ಟರುಗಳು ಎದ್ದವು. ೧೯೮೨ರಲ್ಲಿ ಮಹಾನಗರಪಾಲಿಕೆಯಾಯಿತು. ಆ ಪ್ರಾಧಿಕರಣ ೨೦೨೧ರಲ್ಲಿ ಪುಣೆ ಮಹಾನಗರ ಪ್ರದೇಶದ ಪ್ರಾಧಿಕರಣದಲ್ಲಿ ಲೀನವಾದರೂ ನಮ್ಮ ವಿಳಾಸಗಳಲ್ಲಿ ‘ಪ್ರಾಧಿಕರಣ’ ಎಂಬ ಹೆಸರು ಉಳಿದುಕೊಂಡಿದೆ. ಬೆಳಗಾವಿ, ಧಾರವಾಡ, ಬಿಜಾಪುರ, ಗುಲ್ಬರ್ಗ, ಬೀದರ್ ಕಡೆಗಳಿಂದ ಬಂದ ಕನ್ನಡಿಗರು ಬೇರು ಬಿಟ್ಟದ್ದು ಈ ವಸಾಹತುಗಳಲ್ಲಿ.

ಕಾರ್ಖಾನೆಗಳಿಗೆ ಹೊರದೇಶಗಳಿಂದ ಬಂದ ಯಂತ್ರಗಳು ಮರದ ಭಾರಿ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಪೈನ್, ಫರ್, ಸ್ಪ್ರೂಸ್ ಮುಂತಾದ ತಂಪು ದೇಶಗಳ ಹಗುರ ಮರ. ಯಂತ್ರ ಒಳಗೆ ಹೋದ ಮೇಲೆ ಖೋಕಾ ಗುಜರಿಗೆ. ಅಲ್ಲಿಂದ ಅದು ಪುಸ್ತಕದ ಕಪಾಟು, ದೇವರ ಮಂಟಪ, ಮಕ್ಕಳ ಮೇಜು ಇತ್ಯಾದಿಯಾಗಿ ಕೆಲಸಗಾರರ ಎರಡು ಕೋಣೆಯ ಮನೆ ಸೇರಿತು. ಹೊಸ ತೇಗ ಕೊಳ್ಳುವ ಶಕ್ತಿ ಎಲ್ಲರಿಗೆಲ್ಲಿ?

ಕಾಲಕ್ರಮದಲ್ಲಿ ಈ ಮರದ ಗುರುತೂ ಬದಲಾಯಿತು. ೧೯೯೬ರಲ್ಲಿ ನ್ಯೂಯಾರ್ಕಿನಲ್ಲಿ ಏಷ್ಯದ ಒಂದು ಉದ್ದ ಮೀಸೆಯ ದುಂಬಿ ಬೀದಿಯ ಮರಗಳನ್ನು ಕೊರೆಯುತ್ತಿರುವುದು ಪತ್ತೆಯಾಯಿತು. ಅದು ಚೀನದಿಂದ ಪ್ಯಾಕಿಂಗ್ ಮರದೊಳಗೆ ಕುಳಿತು ಬಂದಿತ್ತು. ಇಂಥ ಅನುಭವಗಳಿಂದಾಗಿ ೨೦೦೨ರಲ್ಲಿ ಅಂತರರಾಷ್ಟ್ರೀಯ ನಿಯಮವೊಂದು ರಚನೆಯಾಯಿತು. ದೇಶದಿಂದ ದೇಶಕ್ಕೆ ಹೋಗುವ ಪೆಟ್ಟಿಗೆಯ ಮರವನ್ನು ಅದರ ನಡುತಿರುಳೂ ೫೬ ಡಿಗ್ರಿ ಸೆಲ್ಸಿಯಸ್ ಮುಟ್ಟಿ ೩೦ ನಿಮಿಷ ಅಲ್ಲಿಯೇ ನಿಲ್ಲುವಂತೆ ಕಾಯಿಸಬೇಕು, ಇಲ್ಲವೇ ವಿಷದ ಹೊಗೆ ಹಾಕಬೇಕು. ತೆನೆಯ ಚಿತ್ರವಿರುವ ಮುದ್ರೆಯನ್ನು ಒತ್ತಬೇಕು. ಮುದ್ರೆಯಲ್ಲಿ ರೋಮನ್ ಅಕ್ಷರಗಳಲ್ಲಿ ಎಚ್.ಟಿ. ಎಂದಿದ್ದರೆ ಕಾಯಿಸಿದ ಮರ, ಎಂ.ಬಿ. ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲ ಕಂಡ ಮರ. ಎರಡನೆಯದನ್ನು ಮನೆಯೊಳಗೆ ತಾರದಿರುವುದೇ ಲೇಸು. ಎಚ್.ಟಿ. ಎಂದರೆ ಒಣಗಿದೆ ಎಂದಲ್ಲ, ಹುಳ ಸತ್ತಿದೆ ಎಂದಷ್ಟೇ ಅರ್ಥ.

ಈ ಮರ ಸಿಗುವ ಜಾಗವೂ ಸ್ಥಿರವಲ್ಲ. ಚಿಖಲಿ ಹತ್ತಿರದ ಕುದಳವಾಡಿ ಬಹುಕಾಲ ಗುಜರಿ ಗೋದಾಮುಗಳ ಬೀಡಾಗಿತ್ತು. ೨೦೨೫ರ ಫೆಬ್ರವರಿಯಲ್ಲಿ ಮಹಾನಗರಪಾಲಿಕೆ ಅನಧಿಕೃತವೆಂದು ಅಲ್ಲಿಯ ಕಟ್ಟಡಗಳನ್ನು ದೊಡ್ಡ ಪ್ರಮಾಣದಲ್ಲಿ ಕೆಡವಿತು. ಖೋಕಾ ಬಿಚ್ಚಿ, ಮೊಳೆ ಕಿತ್ತು, ಹಲಗೆ ಬೇರ್ಪಡಿಸುವ ಕೈಗಳ ಶ್ರಮವಿಲ್ಲದೆ ಹಳೆಯ ಮರ ನಮ್ಮ ಮನೆ ಬಾಗಿಲಿಗೆ ಬಾರದು ಎಂಬುದನ್ನು ಆಗಲಾದರೂ ನೆನೆಯಬೇಕು.

ಒಣಗುವುದೆಂದರೇನು?

ಮರವನ್ನು ಒಣಗಿಸುವ ಅನುಭವ ನಮ್ಮಲ್ಲಿ ಹಳೆಯದು. ಅದನ್ನು ಅಳತೆಗೆ ತಂದದ್ದು ಇತ್ತೀಚಿನ ಸಂಗತಿ. ೧೯೦೬ರಲ್ಲಿ ದೆಹರಾದೂನಿನಲ್ಲಿ ಸ್ಥಾಪನೆಗೊಂಡ ಅರಣ್ಯ ಸಂಶೋಧನಾ ಸಂಸ್ಥೆ ಭಾರತದ ಮರಗಳು ಒಣಗುವ ಬಗೆಯನ್ನು ಅಭ್ಯಾಸ ಮಾಡಿತು. ಬೆಂಗಳೂರಿನ ಮಲ್ಲೇಶ್ವರದಲ್ಲಿ ೧೯೩೮ರಲ್ಲಿ ಆರಂಭವಾದ ಅರಣ್ಯ ಸಂಶೋಧನಾಲಯವೇ ೧೯೮೮ರಿಂದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿದೆ. ಮರವನ್ನು ಹದಗೊಳಿಸುವ ಕ್ರಮಕ್ಕೂ, ಯಾವ ಹವೆಗೆ ಎಷ್ಟು ತೇವ ಸಲ್ಲುತ್ತದೆಂಬುದಕ್ಕೂ ಭಾರತೀಯ ಮಾನಕ ಸಂಸ್ಥೆ ಸಂಹಿತೆಗಳನ್ನು ಪ್ರಕಟಿಸಿ, ಗಾಳಿಯ ತೇವವನ್ನನುಸರಿಸಿ ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದೆ.

ಅವರ ಮಾತಿನ ಸಾರ ಇಷ್ಟು. ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಕೋಶಗಳ ಟೊಳ್ಳಿನಲ್ಲಿ ಒಂದಿಷ್ಟು, ಕೋಶಗಳ ಗೋಡೆಯಲ್ಲಿ ಒಂದಿಷ್ಟು. ಟೊಳ್ಳಿನ ನೀರು ಹೋಗುವವರೆಗೆ ಮರ ಹಗುರಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ತೇವ ನೂರಕ್ಕೆ ಸುಮಾರು ಮೂವತ್ತಕ್ಕಿಂತ ಕೆಳಗಿಳಿದು ಗೋಡೆಯ ನೀರು ಹೊರಟಾಗ ಕುಗ್ಗುವಿಕೆ, ಸೊಟ್ಟಾಗುವಿಕೆ, ಬಿರುಕು ಎಲ್ಲ ಶುರು. ಉದ್ದಕ್ಕೆ ಮರ ಕುಗ್ಗುವುದು ತೀರ ಅತ್ಯಲ್ಪ. ವರ್ಷದ ಉಂಗುರಗಳ ಜಾಡಿನಲ್ಲಿ ಕುಗ್ಗುವುದು, ತಿರುಳಿನಿಂದ ತೊಗಟೆಯತ್ತ ಕುಗ್ಗುವುದರ ಸರಿಸುಮಾರು ಎರಡರಷ್ಟು. ಈ ಏರುಪೇರೇ ಹಲಗೆ ದೋಣಿಯಂತೆ ಬಾಗಲು ಕಾರಣ.

ಇನ್ನೊಂದು ಮಾತು. ಮರ ಒಮ್ಮೆ ಒಣಗಿದರೆ ಮುಗಿಯಿತೆಂದಲ್ಲ. ಅದು ಸುತ್ತಲ ಗಾಳಿಯೊಡನೆ ಸದಾ ಕೊಡುಕೊಳ್ಳುವಿಕೆ ನಡೆಸುತ್ತದೆ. ಗಾಳಿಯ ತೇವ ನೂರಕ್ಕೆ ಎಂಬತ್ತಿದ್ದಾಗ ಮರ ನೂರಕ್ಕೆ ಹದಿನಾರರ ಆಸುಪಾಸಿನಲ್ಲಿ ನಿಲ್ಲಲು ಬಯಸುತ್ತದೆ. ಗಾಳಿಯ ತೇವ ನಲವತ್ತಿದ್ದಾಗ ಏಳೆಂಟರ ಬಳಿ. ಪುಣೆಯ ಮಳೆಗಾಲ ಮೊದಲನೆಯದು, ಬೇಸಗೆಯ ಹಗಲು ಎರಡನೆಯದು. ಮಳೆಗಾಲದಲ್ಲಿ ಹದಿನೈದರಷ್ಟು ತೇವವಿರುವಾಗ ಕೂಡಿಸಿದ ಒಂದಡಿ ಅಗಲದ ತೇಗದ ಹಲಗೆ ಬೇಸಗೆಯಲ್ಲಿ ಎಂಟಕ್ಕಿಳಿದರೆ ಸುಮಾರು ನಾಲ್ಕು ಮಿಲಿಮೀಟರ್ ಕುಗ್ಗುತ್ತದೆ. ಅಷ್ಟೇ ಅಗಲದ ಓಕ್ ಹಲಗೆಯಾದರೆ ಏಳು. ಶ್ರಾವಣದಲ್ಲಿ ಬಿಗಿಯಾಗಿ ಮುಚ್ಚುವ ಬಾಗಿಲು ಚೈತ್ರದಲ್ಲಿ ಬೆಳಕು ತೋರುವುದೇಕೆಂದು ಇದರಿಂದ ತಿಳಿಯುತ್ತದೆ.

ಮನೆಯಲ್ಲಿ ಮಾಡಬಹುದಾದ ಕ್ರಮ

ಹಳೆಯ ಮರವೆಂದರೆ ಒಣಗಿದ ಮರವೆಂದು ತಿಳಿಯುವುದು ಸಾಮಾನ್ಯ. ನೂರು ವರ್ಷ ಮಾಡಿನ ಕೆಳಗಿದ್ದ ತೊಲೆಯೂ ಗುಜರಿ ಅಂಗಳದಲ್ಲಿ ಒಂದು ಮಳೆಗಾಲ ನೆನೆದರೆ ಮತ್ತೆ ಒದ್ದೆಯೇ. ಪೀಪಾಯಿಯ ಪಟ್ಟಿಯಂತೂ ವರ್ಷಗಟ್ಟಲೆ ದ್ರವದಲ್ಲಿ ನೆಂದದ್ದು. ಒಳಮೈ ಹೆಚ್ಚು ಹಸಿ, ಹೊರಮೈ ಕಡಿಮೆ ಹಸಿ. ತಂದ ದಿನವೇ ಅದನ್ನು ಕೊಯ್ದು ಕೂಡಿಸಿದರೆ ಮೂರು ತಿಂಗಳಲ್ಲಿ ಸಂದುಗಳು ಬಾಯಿಬಿಡುತ್ತವೆ.

ಪುಣೆಯ ಹವೆಗೆ ದಸರೆಯ ನಂತರದ ದಿನಗಳು ಇದಕ್ಕೆ ಪ್ರಶಸ್ತ. ಮಳೆ ನಿಂತು ಗಾಳಿ ಹಗುರಾಗಿರುತ್ತದೆ, ಬಿಸಿಲು ಇನ್ನೂ ಉಗ್ರವಾಗಿರುವುದಿಲ್ಲ. ಮಾರ್ಚಿನಿಂದ ಮೇ ತನಕದ ಕಾವಿನಲ್ಲಿ ಹೊರಮೈ ಅವಸರದಲ್ಲಿ ಒಣಗಿ, ಒಳಗು ಹಸಿಯಾಗಿಯೇ ಉಳಿದು, ಮರ ಸೀಳುತ್ತದೆ. ಗಚ್ಚಿಯ ಮೇಲೆ ಬಿಸಿಲಿಗೆ ಹಪ್ಪಳದಂತೆ ಹರವುವುದು ಎಂದಿಗೂ ಸಲ್ಲದು. ನೆರಳೂ ಗಾಳಿಯೂ ಕೂಡಿ ಇರಬೇಕು.

ಪೀಪಾಯಿಯನ್ನು ಬಿಚ್ಚುವ ಮೊದಲು ಪಟ್ಟಿಗಳಿಗೆ ಸೀಮೆಸುಣ್ಣದಿಂದ ಅಂಕಿ ಹಾಕಬೇಕು. ಬಳೆಗಳನ್ನು ತುದಿಯ ಕಡೆಗೆ ತಟ್ಟಿ ಕಳಚಿ, ಒಳಗಿನ ಸುಟ್ಟ ಪದರವನ್ನು ತಂತಿಯ ಬ್ರಷ್ಷಿನಿಂದ ಬಯಲಿನಲ್ಲಿ ಕೆರೆಯಬೇಕು. ಆಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು. ಖೋಕಾ ಅಥವಾ ತೊಲೆಯಾದರೆ ಮೊಳೆಗಳನ್ನೆಲ್ಲ ಕೀಳಬೇಕು. ಅಡಗಿದ ಮೊಳೆಯನ್ನು ಅಯಸ್ಕಾಂತದ ತುಂಡು ತೋರಿಸಿಕೊಡುತ್ತದೆ. ಹಲಗೆಯ ಎರಡು ತುದಿಗಳಿಂದ ನೀರು ಬೇಗ ಹೊರಡುವುದರಿಂದ ಅವುಗಳಿಗೆ ಮೇಣವನ್ನೋ ಉಳಿದ ಬಣ್ಣವನ್ನೋ ದಪ್ಪಗೆ ಹಚ್ಚಬೇಕು.

ಆಮೇಲೆ ಒಟ್ಟುವ ಕೆಲಸ. ನೆಲದಿಂದ ಒಂದಡಿ ಮೇಲೆ ಸಮನಾದ ತಳ ಕಟ್ಟಿ, ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟು, ಪ್ರತಿ ಸಾಲಿನ ಮೇಲೆ ಒಂದೇ ದಪ್ಪದ ಒಣ ರಿಪೀಸುಗಳನ್ನು ಅಡ್ಡಲಾಗಿ ಇಡಬೇಕು. ಈ ರಿಪೀಸುಗಳು ಒಂದರ ಮೇಲೊಂದು ನೇರವಾಗಿ ಬರಬೇಕು; ಹಿಂದೆ ಮುಂದೆಯಾದರೆ ಹಲಗೆ ಅಲ್ಲಿಯೇ ಬಾಗುತ್ತದೆ. ಮೇಲೆ ಕಲ್ಲಿನ ಭಾರ ಹೇರಬೇಕು. ಪೀಪಾಯಿಯ ಪಟ್ಟಿಗಳ ಬಾಗನ್ನು ಭಾರ ಹೇರಿ ನೇರ ಮಾಡಹೋದರೆ ಸೀಳುತ್ತವೆ. ಆ ಬಾಗನ್ನು ಹಾಗೆಯೇ ಉಳಿಸಿಕೊಂಡು ಕುರ್ಚಿಯ ಬೆನ್ನಿಗೋ ತೊಟ್ಟಿಲಿನ ಕಾಲಿಗೋ ಬಳಸುವುದು ಜಾಣತನ.

ಎಷ್ಟು ದಿನ ಬೇಕು? ಹಸಿ ಮರಕ್ಕೆ ಒಂದಂಗುಲ ದಪ್ಪಕ್ಕೆ ಒಂದು ವರ್ಷವೆಂಬ ಸ್ಥೂಲ ಲೆಕ್ಕ ಯುರೋಪಿನದು. ನಮ್ಮ ಹವೆಯಲ್ಲಿ, ಅದರಲ್ಲೂ ಒಮ್ಮೆ ಒಣಗಿ ಮತ್ತೆ ನೆನೆದ ಮರಕ್ಕೆ, ಅಷ್ಟು ಬೇಡ. ಲೆಕ್ಕಕ್ಕಿಂತ ತಕ್ಕಡಿ ನಂಬಿಕಸ್ತ. ಒಟ್ಟಿಲಿನಿಂದ ಎರಡು ತುಂಡುಗಳನ್ನು ಆರಿಸಿ ಹದಿನೈದು ದಿನಕ್ಕೊಮ್ಮೆ ತೂಗಿ ಬರೆದಿಡಬೇಕು. ತೂಕ ಮೊದಲು ಬೇಗ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಮೂರು ಸಲ ತೂಗಿದರೂ ಒಂದೇ ತೂಕ ಬಂದರೆ ಮರ ಸುತ್ತಲ ಗಾಳಿಯೊಡನೆ ಸಂಧಿ ಮಾಡಿಕೊಂಡಿತೆಂದು ತಿಳಿಯಬಹುದು. ಕಟ್ಟಕಡೆಗೆ ಆ ಹಲಗೆಗಳನ್ನು ಪೀಠೋಪಕರಣ ನಿಲ್ಲಲಿರುವ ಕೋಣೆಯಲ್ಲಿಯೇ ಎರಡು ವಾರ ಇಡಬೇಕು. ತೇವ ಅಳೆಯುವ ಸಣ್ಣ ಯಂತ್ರಗಳೂ ಪೇಟೆಯಲ್ಲಿ ಸಿಗುತ್ತವೆ. ಆದರೆ ಕಿರಾಣಿ ತಕ್ಕಡಿಯೂ ಸುಳ್ಳು ಹೇಳುವುದಿಲ್ಲ.

ಮರ ಕುಟ್ಟೆ ಹುಳದ್ದೋ ಎಂದು ನೋಡುವುದೂ ಅಗತ್ಯ. ಸಣ್ಣ ರಂಧ್ರಗಳ ಕೆಳಗೆ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳ ಜೀವಂತವಾಗಿದೆ. ಅಂಥದ್ದನ್ನು ಬೇರೆ ಮರದಿಂದ ದೂರವಿಟ್ಟು, ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಹಚ್ಚಿ, ಮತ್ತೆ ಒಣಗಿಸಬೇಕು.

ಮುಟ್ಟಬಾರದ ಮರ

ನಮ್ಮ ಊರು ಔಷಧ, ಬಣ್ಣ, ರಸಾಯನಗಳ ಕಾರ್ಖಾನೆಗಳ ನಡುವೆ ಇರುವುದು. ಒಳಗೆ ಏನಿತ್ತೆಂದು ತಿಳಿಯದ ಪೀಪಾಯಿಯನ್ನೂ, ಎಣ್ಣೆ ಅಥವಾ ಆಮ್ಲದ ಕಲೆ ಹಿಡಿದ ಪೆಟ್ಟಿಗೆಯನ್ನೂ ಮನೆಗೆ ತರಬಾರದು. ಎಷ್ಟು ಒಣಗಿಸಿದರೂ ವಿಷ ಒಣಗುವುದಿಲ್ಲ. ರೈಲುಹಳಿಯ ಕೆಳಗಿನ ಹಳೆಯ ಮರದ ಸ್ಲೀಪರುಗಳು ನೋಡಲು ಗಟ್ಟಿಮುಟ್ಟು; ಆದರೆ ಅವುಗಳಿಗೆ ಉಣಿಸಿದ ಕ್ರಿಯೋಸೋಟ್ ಎಂಬ ಡಾಂಬರಿನ ಎಣ್ಣೆ ಚರ್ಮಕ್ಕೂ ಉಸಿರಿಗೂ ಕೇಡು. ಅಡುಗೆಮನೆಯ ಮಣೆಗೂ ಮಕ್ಕಳ ತೊಟ್ಟಿಲಿಗೂ ಕುಲಗೋತ್ರ ತಿಳಿದ ಮರವೇ ಆಗಬೇಕು. ಬೇಡವಾದ ತುಂಡುಗಳನ್ನು ನೀರೊಲೆಗೆ ಹಾಕುವುದೂ ಅಪಾಯವೇ; ಹೊಗೆಯಲ್ಲಿ ವಿಷ ಮನೆಯನ್ನೆಲ್ಲ ಸುತ್ತುತ್ತದೆ.

ಏಕೆ ಈ ಪಾಡು?

ಹೊಸ ಪ್ಲೈವುಡ್ ಕಪಾಟು ಒಂದು ಮಧ್ಯಾಹ್ನದಲ್ಲಿ ಮನೆಗೆ ಬರುವಾಗ ತಿಂಗಳುಗಟ್ಟಲೆ ಹಲಗೆ ಒಣಗಿಸುತ್ತ ಕೂಡುವುದೇಕೆ ಎಂದು ಕೇಳಬಹುದು. ಉತ್ತರಕ್ಕೆ ಮತ್ತೆ ನಮ್ಮ ಕಾಡಿನ ಕಡೆಗೇ ನೋಡಬೇಕು. ೧೮೭೮ರ ಅರಣ್ಯ ಕಾಯಿದೆಯ ನಂತರ ಕೆನರಾದ ಜನಕ್ಕೆ ತಮ್ಮದೇ ಕಾಡಿನ ಸೊಪ್ಪು ಸೌದೆಗಳಿಗೂ ಅಡ್ಡಿಯಾಯಿತು, ತೇಗ ಮಾತ್ರ ಹೊರಗೆ ಹೋಗುತ್ತಲೇ ಇತ್ತು. ೧೯೮೩ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಡಿಯಲು ಬಂದವರ ಮುಂದೆ ಮರಗಳನ್ನು ತಬ್ಬಿ ನಿಂತರು. ಅದೇ ಅಪ್ಪಿಕೊ ಚಳವಳಿ. ೧೯೯೬ರ ಡಿಸೆಂಬರ್ ೧೨ರಂದು ಗೋದಾವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಕಾಡು ಕಡಿಯುವುದಕ್ಕೆ ಕಡಿವಾಣ ಹಾಕಿತು. ಅಂದಿನಿಂದ ನಮ್ಮ ಪೇಟೆಯ ಮರದಲ್ಲಿ ದೊಡ್ಡ ಪಾಲು ಹೊರದೇಶದ್ದು. ಅಂದರೆ ಕೊಡಲಿಯ ಪೆಟ್ಟು ನಿಂತಿಲ್ಲ, ಬೇರೆಯವರ ಕಾಡಿಗೆ ವರ್ಗವಾಗಿದೆ.

ಈ ಹಿನ್ನೆಲೆಯಲ್ಲಿ ಕೆಡವಿದ ವಾಡೆಯ ಒಂದು ತೊಲೆ, ಬಿಚ್ಚಿದ ಖೋಕಾದ ಹತ್ತು ಹಲಗೆ, ಬರಿದಾದ ಪೀಪಾಯಿಯ ಮೂವತ್ತು ಪಟ್ಟಿ ಇವು ಕಸವಲ್ಲ. ಒಂದೊಂದೂ ಎಂದೋ ನಿಂತಿದ್ದ ಮರ. ಒಮ್ಮೆ ಅದರ ಬೆಲೆಯನ್ನು ಕಾಡು ತೆತ್ತಾಗಿದೆ. ಅದನ್ನು ಒಲೆಗೆ ಹಾಕಿದರೆ ಒಂದು ಹಂಡೆ ನೀರು ಕಾಯುತ್ತದೆ. ಒಂದು ಚಳಿಗಾಲ ನೆರಳಿನಲ್ಲಿ ಒಣಗಿಸಿದರೆ ಮೊಮ್ಮಕ್ಕಳು ಕೂತು ಓದುವ ಮೇಜಾಗುತ್ತದೆ. ಪ್ರಾಧಿಕರಣದ ನಮ್ಮ ಮನೆಗಳಿಗೆ ಮೆಟ್ಟಿಲ ಕೆಳಗಿನ ಜಾಗವೂ ಗಾಳಿಯಾಡುವ ಮೊಗಸಾಲೆಯೂ ಇನ್ನೂ ಉಳಿದಿವೆ. ನಿವೃತ್ತರಾದ ಎಷ್ಟೋ ಹಿರಿಯರ ಕೈಗೆ ಅಳತೆಯೂ ತಾಳ್ಮೆಯೂ ಗೊತ್ತು. ಈ ದಸರೆ ಕಳೆದ ಮೇಲೆ ನಾಲ್ಕು ಮನೆಯವರು ಕೂಡಿ ಒಂದು ಒಟ್ಟಿಲು ಕಟ್ಟಿ ನೋಡಬಹುದು. ಬೇಕಾದದ್ದು ಒಂದು ತಕ್ಕಡಿ, ಒಂದು ನೋಟುಬುಕ್ಕು ಮತ್ತು ಕಾಯುವ ಮನಸ್ಸು.